ಕಷ್ಟವೇ ಇಲ್ಲ ಎಂದವಳಿಗೆ

ನನ್ನ ಗರಿಗರಿ ಹುಡುಗಿಗೆ,

ಇದನ್ನು ಯುವಜನ ಇಲಾಖೆಯ ಮೂರನೆಯ ಮಹಡಿಯಲ್ಲಿ ಒಂದು ಮರದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕುಳಿತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಕಿಟಕಿಯವರೆಗೆ ಹೋಗುತ್ತೇನೆ, ಕೆಳಗೆ ನಿಂತ ಸ್ಕೂಟರುಗಳನ್ನು ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಬಾಗಿಲಲ್ಲಿರುವ ಜವಾನ ಆಗಲೇ ಹೇಳಿಯಾಯಿತು, "ಅಮ್ಮಾ, ನೀವು ಎಷ್ಟು ಓಡಾಡಿದ್ರೂ ಅವರು ಕರೆಯೋ ಹೊತ್ತಿಗೇ ಕರೆಯೋದು." ಅವನ ಮಾತಿಗೆ ತಲೆಯಾಡಿಸಿ ಮತ್ತೊಂದು ಸುತ್ತು ಹಾಕಿ ಬಂದೆ.

ಮುಖ್ಯ ವಿಷಯ ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಎರಡು ಪುಟಕ್ಕಿಂತ ಉದ್ದವಾದದ್ದನ್ನು ಓದುವ ತಾಳ್ಮೆ ನಿನಗಿಲ್ಲ. ನಾಳೆ ಇಲ್ಲಿಗೆ ಬರಬೇಡ. ನಮ್ಮ ಮೇಲ್ಮನವಿಯ ವಿಚಾರಣೆ ನಾಳೆ ಎಂದು ಗುಂಗುರು ಕೂದಲಿನವನ ಹತ್ತಿರ ಹೇಳಿ ಕಳಿಸಿದ್ದೆನಲ್ಲ, ಅದು ಸುಳ್ಳು. ವಿಚಾರಣೆ ಇವತ್ತೇ, ಇನ್ನೇನು ಕರೆಯುತ್ತಾರೆ. ಬಾಯಿ ತಪ್ಪಿ ಹೇಳಿದ್ದಲ್ಲ, ಬೇಕೆಂದೇ ಹೇಳಿದ್ದು. ಸಿಟ್ಟು ಬರುತ್ತದೆ, ಗೊತ್ತು. ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೋ.

ಪಕ್ಕದಲ್ಲಿ ನಮ್ಮ ಕಾರ್ಯದರ್ಶಿಗಳು ಕುಳಿತಿದ್ದಾರೆ. ಅವರಿಗೂ ಈ ಸುಳ್ಳು ಗೊತ್ತಿಲ್ಲ. ನೀನು ಬರುತ್ತೀಯ, ಸಮಿತಿಯ ಮುಂದೆ ನಿಂತು ನಿನ್ನ ಕಥೆ ಹೇಳುತ್ತೀಯ, ನಮ್ಮ ಯುವಕೇಂದ್ರ ಉಳಿಯುತ್ತದೆ ಎಂದು ನಂಬಿಕೊಂಡು, ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತಾ ಮೆಟ್ಟಿಲ ಕಡೆಯೇ ನೋಡುತ್ತಿದ್ದಾರೆ. ಈಗಷ್ಟೇ ಕೇಳಿದರು, "ಬರ್ತಾಳೆ ತಾನೇ?" "ಬರ್ತಾಳೆ ಸರ್, ಬಸ್ ಸಿಕ್ಕಿರಲ್ಲ" ಎಂದೆ. ಅಲ್ಲಿಗೆ ಎರಡು ಸುಳ್ಳಾಯಿತು. ನಿನ್ನ ಹತ್ತಿರ ಮುಚ್ಚುಮರೆ ಏಕೆ, ನಾನೂ ಮೆಟ್ಟಿಲ ಕಡೆಯೇ ನೋಡುತ್ತಿದ್ದೇನೆ. ದಿನ ತಪ್ಪಿಸಿ ಹೇಳಿದವಳು ನಾನೇ ಆದರೂ, ಯಾರಾದರೂ ಚಪ್ಪಲಿ ಸದ್ದು ಮಾಡುತ್ತಾ ಹತ್ತಿ ಬಂದರೆ ಬರೆಯುವುದನ್ನು ನಿಲ್ಲಿಸಿ ಕತ್ತೆತ್ತುತ್ತೇನೆ. ನೀನಲ್ಲವೆಂದು ಕಂಡಾಗ ಸಮಾಧಾನವೂ ಆಗುತ್ತದೆ, ನಿರಾಸೆಯೂ ಆಗುತ್ತದೆ. ಇದೆಂಥ ಮನಸ್ಸೋ ನನಗೇ ಅರ್ಥವಾಗುತ್ತಿಲ್ಲ.

ನಮ್ಮ ಕೇಂದ್ರ ಹೇಗೆ ನಡೆಯುತ್ತದೆಂದು ನಿಮಗ್ಯಾರಿಗೂ ನಾನು ಬಿಡಿಸಿ ಹೇಳಿರಲಿಲ್ಲ. ಆ ಎರಡು ಕೋಣೆ, ಒಂದು ಕಾಲು ಅಲ್ಲಾಡುವ ಸೋಫಾ, ಬಲೆಯ ಬದಲು ಹಳೆಯ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ ಟೇಬಲ್ ಟೆನಿಸ್ ಮೇಜು, ಎಲ್ಲವೂ ನನ್ನ ಸ್ವಂತದ್ದೆಂದೇ ನೀವು ತಿಳಿದಿದ್ದಿರಿ. ಗುಂಗುರು ಒಮ್ಮೆ, "ಅಕ್ಕ, ನೀವು ಇಷ್ಟು ಶ್ರೀಮಂತರಾಗಿದ್ದೂ ಒಂದು ಒಳ್ಳೆ ಚೆಂಡು ತರಲ್ವಲ್ಲ" ಎಂದಿದ್ದ. ಬಾಡಿಗೆ, ಕರೆಂಟು, ಚಹಾಪುಡಿ, ನನ್ನ ಸಂಬಳ, ಎಲ್ಲವೂ ಸರ್ಕಾರದ ಯುವಜನ ಅನುದಾನ. ಅದು ವರ್ಷಕ್ಕೊಮ್ಮೆ ಬರುತ್ತದೆ, ಬರುವಾಗ ನೂರು ಪ್ರಶ್ನೆ ಕೇಳುತ್ತದೆ. ಈ ವರ್ಷ ಪ್ರಶ್ನೆಗಳು ಸಾಲದೆಂದು ತಪಾಸಣೆಗೆ ಇಬ್ಬರನ್ನು ಕಳಿಸಿದರು. ಉಳಿದದ್ದು ನಿನಗೆ ಗೊತ್ತು. ಗೊತ್ತು ಎಂದುಕೊಂಡಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಬರುವ ಹಿಂದಿನ ದಿನ ನಾನೇ ನಿಮಗೆಲ್ಲಾ ಹೇಳಿದ್ದು, "ನಾಳೆ ದೊಡ್ಡವರು ಬರ್ತಾರೆ, ಸ್ವಲ್ಪ ಮನುಷ್ಯರ ಥರ ಕಾಣಿಸಿಕೊಳ್ಳಿ" ಎಂದು. ತಮಾಷೆಗೆ ಹೇಳಿದ ಮಾತು. ನೀನದನ್ನು ಗಂಭೀರವಾಗಿ ತೆಗೆದುಕೊಂಡೆ. ಲಾಂಡ್ರಿಯಲ್ಲಿ ನಿನ್ನ ಪಾಳಿ ಮುಗಿದ ಮೇಲೂ ನಿಂತು, ಒಡತಿಯನ್ನು ಕಾಡಿ ಬೇಡಿ, ಕೇಂದ್ರಕ್ಕೆ ಬರುವ ಅಷ್ಟೂ ಹುಡುಗ ಹುಡುಗಿಯರ ಬಟ್ಟೆ ತರಿಸಿಕೊಂಡು ಇಸ್ತ್ರಿ ಮಾಡಿದೆ. ಮರುದಿನ ನಾನು ಬಾಗಿಲು ತೆಗೆದಾಗ ಹೊರಗೆ ನಿಂತ ದಂಡನ್ನು ನೋಡಿ ಒಂದು ಕ್ಷಣ ಯಾರದೋ ಮದುವೆಗೆ ಹೊರಟವರು ದಾರಿ ತಪ್ಪಿ ಬಂದರೇನೋ ಎಂದುಕೊಂಡೆ. ತೋಳಿನ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ದಿನವೂ ಒಂದೇ ಬನಿಯನ್ನಿನಲ್ಲಿ ಬರುವ ಸಿಡುಕ ಕೂಡ ಕಾಲರಿನ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ನಿಂತಿದ್ದ. ನಿನಗೆ 'ಗರಿಗರಿ' ಎಂಬ ಹೆಸರು ಬಿದ್ದದ್ದು ಅವತ್ತೇ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮುಂದೆ ಬರಲಿರುವುದು ಸ್ವಲ್ಪವೂ ಹೊಳೆಯಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಹೊಳೆಯಬೇಕಿತ್ತು.

ಬಂದ ಅಧಿಕಾರಿಣಿ ಕೆಟ್ಟವರೇನಲ್ಲ. ಸೋಫಾದ ಅಲ್ಲಾಡುವ ಕಾಲಿನ ಕಡೆಯೇ ಕೂತರು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಜೊತೆಗಿದ್ದ ಯುವಕ ಎಲ್ಲವನ್ನೂ ಟ್ಯಾಬಿನಲ್ಲಿ ಒತ್ತಿಕೊಳ್ಳುತ್ತಿದ್ದ. ಒಬ್ಬೊಬ್ಬರನ್ನೇ ಕರೆದು ಕೇಳಿದರು. ಶಾಲೆಯಲ್ಲಿ ತಪಾಸಣೆಯ ದಿನ ಹೇಗಿರಬೇಕೆಂದು ಕಲಿತಿದ್ದಿರೋ ಹಾಗೆಯೇ ನೀವೆಲ್ಲಾ ಉತ್ತರ ಕೊಟ್ಟಿರಿ. ಬಂದವರ ಮುಂದೆ ನಮ್ಮವರ ಮಾನ ಕಾಯಬೇಕು, ಅಷ್ಟೇ ನಿಮಗೆ ಗೊತ್ತಿದ್ದದ್ದು. ಕೆಲಸ ಕಳೆದುಕೊಂಡ ಸಿಡುಕ, "ಕೆಲಸ ಇದೆ ಮೇಡಂ, ಇವತ್ತು ರಜೆ" ಎಂದ. ಎರಡು ವರ್ಷದಿಂದ ಅಪ್ಪನ ಮುಖ ನೋಡದ ಗುಂಗುರು, "ಅಪ್ಪನೇ ಇಲ್ಲಿಗೆ ಕರ್ಕೊಂಡು ಬಂದು ಬಿಟ್ಟು ಹೋದರು, ಈಗ ತಾನೇ" ಎಂದ. ಕೊನೆಗೆ ನಿನ್ನ ಸರದಿ. "ಎಲ್ಲರ ಬಟ್ಟೆ ಇಸ್ತ್ರಿ ಮಾಡಿದ್ದು ಇವಳೇ ಮೇಡಂ" ಎಂದು ಗುಂಗುರು ಹಿಂದಿನಿಂದ ಕೂಗಿದ. "ಮನೇಲಿ ಏನಾದ್ರೂ ತೊಂದರೆ ಇದೆಯಾಮ್ಮ?" ಎಂದು ಅವರು ಮೆಲ್ಲಗೆ ಕೇಳಿದರು. ನೀನು ನಕ್ಕೆ. "ಅಯ್ಯೋ, ನಮಗೆಲ್ಲಾ ಏನೂ ಕಷ್ಟವೇ ಇಲ್ಲ ಮೇಡಂ. ಅಕ್ಕ ಚೆನ್ನಾಗಿ ನೋಡ್ಕೋತಾರೆ." ಹೇಳಿ, ನನ್ನ ಕಡೆ ನೋಡಿದೆ. ನನಗೆ ಬಹುಮಾನ ಕೊಟ್ಟವಳ ಹಾಗೆ ನೋಡಿದೆ.

ವರದಿ ಬಂತು. ಇಲ್ಲಿಗೆ ಬರುವ ಯುವಜನರು ಸುಸ್ಥಿತಿಯಲ್ಲಿರುವುದು ಕಂಡುಬಂದಿದೆ, ಆದ್ದರಿಂದ ಅನುದಾನವನ್ನು ಮುಂದುವರಿಸುವ ಅಗತ್ಯವಿಲ್ಲ. ಕಾರ್ಯದರ್ಶಿಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಮೇಜಿನ ಮೇಲಿಟ್ಟು, "ಚೆನ್ನಾಗಿ ಸಾಕಿದ್ದೇ ತಪ್ಪಾಯ್ತು ನೋಡಿ" ಎಂದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಕೆಟಲ್‌ಗೆ ನೀರು ತುಂಬಿದೆ. ಆ ಹೊತ್ತಿನಲ್ಲಿ ನೀನು ಒಳಕೋಣೆಯಲ್ಲಿ ಇದ್ದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಕೇಳಿಸಿಕೊಂಡೆ. ಹಿಂಬಾಗಿಲಿನಿಂದ ಹೋದವಳು ಮತ್ತೆ ಬರಲಿಲ್ಲ.

ಮೂರು ವಾರಗಳಾದವು ಮಗಳೇ. ಈ ಮೂರು ವಾರ ಸಂಜೆ ನಾಲ್ಕರಿಂದ ಏಳರವರೆಗೆ ನೀನು ಎಲ್ಲಿರುತ್ತೀಯ?

ಇದೊಂದು ಪ್ರಶ್ನೆ ನನ್ನನ್ನು ಕೂರಲು ಬಿಡುತ್ತಿಲ್ಲ. ಬೆಂಚಿನಿಂದ ಏಳಿಸುವುದೂ ಅದೇ, ಕಿಟಕಿಗೆ ಒಯ್ಯುವುದೂ ಅದೇ. ಅನುದಾನದ ಚಿಂತೆ ಎಂದು ಕಾರ್ಯದರ್ಶಿಗಳು ತಿಳಿದಿದ್ದಾರೆ. ನಿಮ್ಮಮ್ಮ ಕೆಲಸದಿಂದ ಬರುವುದು ಏಳಕ್ಕೆ. ಲಾಂಡ್ರಿ ಬಿಡುವುದು ಮೂರೂವರೆಗೆ. ನಡುವಿನ ಹೊತ್ತಿನಲ್ಲಿ ಆ ಮನೆಯಲ್ಲಿ ನಿಮ್ಮಮ್ಮನ ಗಂಡನ ಜೊತೆ ನೀನು ಒಬ್ಬಳೇ ಇರಬಾರದು. ಇಷ್ಟು ಮಾತ್ರ ಬರೆಯುತ್ತೇನೆ. ಇದಕ್ಕಿಂತ ಒಂದಕ್ಷರ ಹೆಚ್ಚು ಬರೆಯುವುದಿಲ್ಲ, ಕಾಗದ ಯಾರ ಕೈಗಾದರೂ ಸಿಕ್ಕೀತು. ಗುಂಗುರುವನ್ನು ಕೇಳಿದರೆ, "ಎಲ್ಲೋ ಸುತ್ತಾಡ್ತಿರ್ತಾಳೆ ಅಕ್ಕ" ಎನ್ನುತ್ತಾನೆ. ಎಲ್ಲಿ ಸುತ್ತುತ್ತೀಯ? ಬಸ್ ನಿಲ್ದಾಣದಲ್ಲೇ? ಅಂಗಡಿಗಳ ಕಟ್ಟಡದಲ್ಲಿ ಕಾವಲುಗಾರ ಎಬ್ಬಿಸುವವರೆಗೆ ಕೂರುತ್ತೀಯೇ? ಕಳೆದ ವಾರ ಲಾಂಡ್ರಿಗೆ ಬಂದೆ. ನನ್ನನ್ನು ಕಂಡವಳೇ ನೀನು ಹಬೆಯ ಹಿಂದೆ ಒಳಗೆ ಸರಿದುಬಿಟ್ಟೆ. ಒಡತಿ, "ಅವಳು ಊಟಕ್ಕೆ ಹೋದಳು" ಎಂದರು. ಹೇಳುವಾಗ ಅವರ ಕಣ್ಣು ನಿನ್ನ ಕಡೆಗೇ ಇತ್ತು. ಬೇರೆಯವರ ಒಂದು ಅಂಗಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತು ಬಂದುಬಿಟ್ಟೆ.

ನೀನು ಮೊದಲು ಬಂದಾಗ ನೆನಪಿದೆಯೇ? ಬಾಗಿಲಲ್ಲೇ ನಿಂತು, ಹೋಗುವವಳ ಹಾಗೆಯೂ ಬರುವವಳ ಹಾಗೆಯೂ ಇದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬಂದವರನ್ನು ಏನಾಯ್ತೆಂದು ಕೇಳಬಾರದು, ಕೈಗೊಂದು ಕೆಲಸ ಕೊಡಬೇಕು. "ಈ ಮೇಜಿನ ಆ ಕಡೆ ಸ್ವಲ್ಪ ಹಿಡಿ" ಎಂದೆ. ಹಿಡಿದೆ. ಮೇಜನ್ನು ಸರಿಸುವ ಅಗತ್ಯವೇನೂ ಇರಲಿಲ್ಲ, ನೀನು ಹೋದ ಮೇಲೆ ನಾನೊಬ್ಬಳೇ ಎಳೆದು ಹಿಂದಿನ ಜಾಗಕ್ಕೆ ತಂದೆ. ಮರುದಿನವೂ ಬಂದೆ, ಮತ್ತೆ ಹಿಡಿದೆ. ಎಷ್ಟೋ ದಿನ ಕಳೆದ ಮೇಲೆ ಒಂದು ಸಂಜೆ ಇಬ್ಬರೂ ಸಿಂಕಿನ ಮುಂದೆ ನಿಂತು ಚಹಾದ ಕಪ್ಪು ತೊಳೆಯುತ್ತಿದ್ದಾಗ ನೀನು ಮಾತು ತೆಗೆದೆ. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ನೀನು ಹೇಳಿದ್ದು ಕಪ್ಪಿಗೆ. ಒಂದೇ ಕಪ್ಪನ್ನು ಅದರ ಹೂವಿನ ಚಿತ್ರ ಮಾಸುವಷ್ಟು ಉಜ್ಜಿದೆ. ನಾನು ಮಾತಾಡದೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಎದುರಿಗೆ ಕೂರಿಸಿ ಕೇಳಿದ್ದರೆ ನೀನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಆಮೇಲೆ ಇಬ್ಬರೂ ಮಾತಾಡಿಕೊಂಡೆವು. ನಿಮ್ಮಮ್ಮನನ್ನು ಕರೆಸಿ, ನನಗೆ ಪರಿಚಯವಿರುವ ಒಬ್ಬ ವಕೀಲೆಯ ಜೊತೆ ಕೂರಿಸಿ, ಮುಂದಿನ ದಾರಿ ನೋಡುವುದೆಂದು. ಆದರೆ ಹೊತ್ತು ಗೊತ್ತುಮಾಡುವವಳು ನೀನು ಎಂದು. ನೀನು ಸಿದ್ಧಳಾಗುತ್ತಿದ್ದೆ, ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಈ ತಪಾಸಣೆ ಬಂದು ವಕ್ಕರಿಸಿತು.

ಹೋದ ವಾರ ಗುಂಗುರು ನಿನ್ನ ಮಾತು ತಂದ. "ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ. ಅವರ ಮುಂದೆ ಬಂದು ಎಲ್ಲಾ ಹೇಳ್ತೀನಿ ಅಂತ ಅಕ್ಕನಿಗೆ ಹೇಳು." ಕಾರ್ಯದರ್ಶಿಗಳು ಅಲ್ಲೇ ಇದ್ದರು. ಅವರ ಮುಖ ದೀಪ ಹಚ್ಚಿದ ಹಾಗಾಯಿತು. "ಬರಲಿ, ಬರಲಿ. ಎರಡು ಮಾತು ಅತ್ತು ಹೇಳಿದ್ರೆ ಸಾಕು, ಯಾರೂ ಇಲ್ಲ ಅನ್ನಲ್ಲ" ಎಂದರು. ಅವರನ್ನು ಬೈಯಬೇಡ. ಆರು ತಿಂಗಳಿಂದ ಆ ಮನುಷ್ಯ ಸಂಬಳ ಮುಟ್ಟಿಲ್ಲ. ಕೇಂದ್ರದ ತಗಡಿನ ಫಲಕಕ್ಕೆ ತಾವೇ ಏಣಿ ಹತ್ತಿ ಬಣ್ಣ ಬಳಿದವರು, ಆ ಮಂಡಿಯಲ್ಲಿ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಒಬ್ಬಳು ಹೇಳಿದರೆ ಹತ್ತು ಮಂದಿಗೆ ಬಾಗಿಲು ಉಳಿಯುತ್ತದೆ.

ಆದರೆ ನಾನು ಈ ಕೋಣೆಯನ್ನು ಮುಂಚೆಯೇ ನೋಡಿದ್ದೇನೆ. ಉದ್ದನೆಯ ಮೇಜು, ಆ ಕಡೆ ಮೂವರು, ಈ ಕಡೆ ಒಂದೇ ಕುರ್ಚಿ, ಮೈಕು. ಹೇಳಿದ್ದೆಲ್ಲಾ ನಡಾವಳಿಗೆ ಹೋಗುತ್ತದೆ, ನಡಾವಳಿ ನಾಲ್ಕು ಮೇಜು ಸುತ್ತುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಾಕಾಗುವಷ್ಟು ಕಷ್ಟ ಹೇಳಿದೆನೇ ಎಂದು ಮನೆಗೆ ಹೋದ ಮೇಲೆ ನೀನು ಯೋಚಿಸುತ್ತೀಯ. ಇನ್ನೂ ಸ್ವಲ್ಪ ಅಳಬೇಕಿತ್ತೇನೋ ಎಂದುಕೊಳ್ಳುತ್ತೀಯ. ಅನುದಾನ ಸಿಗದಿದ್ದರೆ ನಿನ್ನ ನೋವಿಗೆ ಬೆಲೆ ಸಾಲಲಿಲ್ಲವೆಂದು ತಿಳಿಯುತ್ತೀಯ. ಸಿಕ್ಕಿದರೆ ಮುಂದಿನ ವರ್ಷ ಮತ್ತೆ ಯಾರನ್ನೋ ಕರೆತರಬೇಕಾಗುತ್ತದೆ. ಆಗ ಸಿಂಕಿನ ಹತ್ತಿರ ಯಾರಾದರೂ ಮಾತು ತೆಗೆದರೆ ನನ್ನ ಒಂದು ಕಿವಿ ಅವರ ಕಡೆಗಿದ್ದು, ಇನ್ನೊಂದು ಇದು ಸಮಿತಿಗೆ ಆದೀತೇ ಎಂದು ತೂಗುತ್ತಿರುತ್ತದೆ. ಅಂಥ ಹೆಂಗಸಾಗಲು ನನಗೆ ಭಯ. ಅದಕ್ಕೇ ನಿನಗೆ ದಿನ ತಪ್ಪಿಸಿ ಹೇಳಿದೆ.

ಕರೆಯುತ್ತಿದ್ದಾರೆ. ಕಾರ್ಯದರ್ಶಿಗಳು ಇನ್ನೊಮ್ಮೆ ಮೆಟ್ಟಿಲ ಕಡೆ ನೋಡಿದರು. ಹೋಗಿ ಬರುತ್ತೇನೆ.

ಬಂದೆ. ಈಗ ಇಲಾಖೆಯ ಮುಂದಿನ ಬಸ್ ನಿಲ್ದಾಣದಲ್ಲಿದ್ದೇನೆ, ಕಾಗದವನ್ನು ಚೀಲದ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಒಳಗೆ ಮೂವರಿದ್ದರು. ಅಧ್ಯಕ್ಷರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ ಅದನ್ನೇ ಹುಡುಕುವಂಥವರು. ಪಕ್ಕದಲ್ಲಿ ಹಣಕಾಸಿನವರು. ಇನ್ನೊಂದು ಕಡೆ ಅವತ್ತು ಬಂದಿದ್ದ ಅದೇ ಅಧಿಕಾರಿಣಿ. ಅಧ್ಯಕ್ಷರು ನೇರವಾಗಿ ಕೇಳಿದರು, "ವರದಿ ಪ್ರಕಾರ ನಿಮ್ಮ ಹುಡುಗರು ಚೆನ್ನಾಗಿದ್ದಾರೆ. ಚೆನ್ನಾಗಿರೋರಿಗೆ ದುಡ್ಡು ಯಾಕಮ್ಮ?" ಕಾರ್ಯದರ್ಶಿಗಳು, ಒಬ್ಬ ಹುಡುಗಿ ಬರುವವಳಿದ್ದಾಳೆ, ಅವಳ ಮಾತು ಕೇಳಬೇಕು ಎಂದು ಎದ್ದರು. "ಎಲ್ಲಿ?" ಎಂದರು ಅಧ್ಯಕ್ಷರು. ಎಲ್ಲಿ ಎಂದು ಕಾರ್ಯದರ್ಶಿಗಳು ನನ್ನನ್ನು ನೋಡಿದರು. "ಅವಳು ಬರೋದಿಲ್ಲ" ಎಂದೆ. ಅವರ ಮುಖವನ್ನು ಆಮೇಲೆ ನೋಡುವ ಧೈರ್ಯ ನನಗಾಗಲಿಲ್ಲ.

ಆಗ ಆ ಅಧಿಕಾರಿಣಿ ಕೇಳಿದರು, "ಎಲ್ಲರ ಬಟ್ಟೆ ಇಸ್ತ್ರಿ ಮಾಡಿದ ಹುಡುಗಿ ತಾನೇ? ಅವತ್ತು ನನಗೆ ಅವಳು ಸುಳ್ಳು ಹೇಳಿದಳು ಅಂತೀರಾ? ಅವಳ ವಿಷಯ ನೀವೇ ಹೇಳಬಹುದಲ್ಲ." ಎಷ್ಟು ಸುಲಭದ ಪ್ರಶ್ನೆ. ಎರಡೇ ವಾಕ್ಯ ಸಾಕಿತ್ತು. ಆ ಎರಡು ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಹೇಳಿದ್ದರೆ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ಸಹಿ ಬೀಳುತ್ತಿತ್ತು. ನೀನು ಸುಳ್ಳು ಹೇಳಿದೆ ಎಂದರೆ ನೀನು ಸುಳ್ಳಿ, ನಿಜ ಹೇಳಿದೆ ಎಂದರೆ ನಮಗೆ ಹಣವಿಲ್ಲ.

ಏನು ಹೇಳಿದೆನೋ ಅದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಅವಳು ಸುಳ್ಳು ಹೇಳಲಿಲ್ಲ ಮೇಡಂ. ನೀವು ಬಂದಿದ್ದು ಸಂಜೆ ಐದಕ್ಕೆ, ನಮ್ಮ ಕೋಣೆಗೆ. ಆ ಹೊತ್ತಲ್ಲಿ, ಆ ಕೋಣೇಲಿ, ಅವಳಿಗೆ ಕಷ್ಟ ಇಲ್ಲ. ಅದೇ ನಮ್ಮ ಕೆಲಸ. ನೀವು ಕೊಡೋ ದುಡ್ಡಿಗೆ ಅಲ್ಲಿ ಏನು ಸಿಗುತ್ತೆ ಅಂತ ನೋಡೋಕೆ ಬಂದಿರಿ, ಅವಳು ನಗ್ತಾ ತೋರಿಸಿದಳು. ಮಿಕ್ಕಿದ್ದು ಅವಳದು. ಅದನ್ನ ನಾನು ಹೇಳಲ್ಲ."

ಅಧ್ಯಕ್ಷರು, "ಇದನ್ನ ನಡಾವಳೀಲಿ ಹೇಗೆ ಬರೆಯೋದು?" ಎಂದು ಹಣಕಾಸಿನವರನ್ನು ಕೇಳಿದರು. ಅವರು ಭುಜ ಹಾರಿಸಿದರು. ಅಧಿಕಾರಿಣಿ ಮಾತ್ರ ನನ್ನನ್ನೇ ನೋಡುತ್ತಾ, "ಆ ಹುಡುಗಿ ಈಗಲೂ ಬರ್ತಾಳಾ?" ಎಂದರು. "ಇಲ್ಲ" ಎಂದೆ. "ನಿಮ್ಮ ವರದಿ ಬಂದ ದಿನದಿಂದ ಬಂದಿಲ್ಲ. ಎಲ್ಲಿರ್ತಾಳೆ ಅಂತ ನನಗೂ ಗೊತ್ತಿಲ್ಲ." ಅವರು ಬರೆಯುತ್ತಿದ್ದ ಪೆನ್ನನ್ನು ಮುಚ್ಚಿ ಪಕ್ಕಕ್ಕಿಟ್ಟರು. ಅಧ್ಯಕ್ಷರು, ತೀರ್ಮಾನವನ್ನು ತಿಂಗಳೊಳಗೆ ತಿಳಿಸುತ್ತೇವೆ ಎಂದರು. ನಾವು ಹೊರಗೆ ಬಂದೆವು.

ಕಾರ್ಯದರ್ಶಿಗಳು ಮುಂದಾಗಿ ಒಂದು ಮಹಡಿ ಇಳಿದರು. ಆಮೇಲೆ ಕಂಬಿ ಹಿಡಿದು ನಿಂತು, "ಅವಳು ಬರಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?" ಎಂದರು. ಹೂಂ ಎಂದೆ. "ನಿಮ್ಮ ಒಂದು ಹಟಕ್ಕೆ ಅಷ್ಟೂ ಮಕ್ಕಳ ಬಾಗಿಲು ಹಾಕಿಸಿಬಿಟ್ರಿ" ಎಂದು ಹೇಳಿ, ನನ್ನನ್ನು ಕಾಯದೆ ಕುಂಟುತ್ತಾ ಇಳಿದು ಹೋದರು. ಅವರು ಹೇಳಿದ್ದು ಸರಿ ಇರಬಹುದು. ನಾನು ಮಾಡಿದ್ದು ಸರಿ ಎಂದು ಎದೆ ತಟ್ಟಿ ಹೇಳುವಷ್ಟು ನೆಮ್ಮದಿ ನನಗಿಲ್ಲ. ಸಿಡುಕನ ಮುಖ ಕಣ್ಣ ಮುಂದೆ ಬರುತ್ತದೆ, ಗುಂಗುರುವಿನದು ಬರುತ್ತದೆ. ಒಮ್ಮೆ ವಾಪಸ್ಸು ಓಡಿಹೋಗಿ ಎಲ್ಲವನ್ನೂ ಹೇಳಿಬಿಡಲೇ ಎನ್ನಿಸಿ ಎರಡು ಬಸ್ಸು ಬಿಟ್ಟೆ.

ಮೂರನೆಯದನ್ನು ಬಿಡುವುದಿಲ್ಲ. ಅದು ಲಾಂಡ್ರಿಯ ಬೀದಿಯಲ್ಲಿ ಹೋಗುತ್ತದೆ. ನೀನು ಒಳಗೆ ಓಡುವ ಮೊದಲೇ ಈ ಕಾಗದವನ್ನು ಒಡತಿಯ ಕೈಗೆ ಹಾಕಿ ಹೊರಟುಬಿಡುತ್ತೇನೆ. ನೀನು ಏನನ್ನೂ ಕೆಡಿಸಿಲ್ಲ, ಕೇಳಿಸಿತೇ? ಯಾರೂ ಕೆಡಿಸಿಲ್ಲ. ಚೆನ್ನಾಗಿ ಕಾಣಿಸಿಕೊಳ್ಳಿ ಎಂದವಳು ನಾನು, ಚೆನ್ನಾಗಿ ಕಾಣಿಸಿದವಳು ನೀನು. ಅದನ್ನು ಓದಲು ಬಾರದವರು ಓದಿದರು, ಅಷ್ಟೇ. ಅಳಬೇಡ, ನನಗೆ ಕ್ಷಮೆ ಕೇಳಲೂ ಬರಬೇಡ. ಇವತ್ತು ನಾಲ್ಕಕ್ಕೆ ನಾನು ಬಾಗಿಲು ತೆಗೆಯುತ್ತೇನೆ. ಈ ತಿಂಗಳ ಬಾಡಿಗೆ ಕೊಟ್ಟಾಗಿದೆ, ಇರುವಷ್ಟು ದಿನ ದಿನವೂ ತೆಗೆಯುತ್ತೇನೆ.

ತಿಂಗಳು ಕಳೆದು ಇಲ್ಲ ಎಂದುಬಿಟ್ಟರೆ? ಆಗಿನ ಮಾತನ್ನೂ ಈಗಲೇ ಹೇಳುತ್ತೇನೆ. ನನ್ನ ಮನೆಗೆ ಬಾ. ನಮ್ಮ ಕೇಂದ್ರಕ್ಕೆ ಬರುವವರನ್ನು ಮನೆಗೆ ಕರೆಯಬಾರದೆಂದು ನಮ್ಮ ಕೆಲಸದಲ್ಲಿ ಕಟ್ಟುನಿಟ್ಟಿನ ನಿಯಮವಿದೆ, ಅದು ಒಳ್ಳೆಯ ನಿಯಮವೂ ಹೌದು. ಆದರೆ ಅನುದಾನ ನಿಂತ ದಿನ ಕೇಂದ್ರವಿಲ್ಲ, ನಾನು ಅದರ ನೌಕರಳಲ್ಲ, ಆಗ ನಾನು ಬರೀ ಪಕ್ಕದ ಬೀದಿಯ ಹೆಂಗಸು. ಮನೆಯಲ್ಲಿ ನಮ್ಮತ್ತೆ ಇರುತ್ತಾರೆ. ಕಿವಿ ಕೇಳಿಸುವುದಿಲ್ಲ, ಮಾತು ಮಾತ್ರ ನಿಲ್ಲುವುದಿಲ್ಲ. ನಿನ್ನನ್ನು ಕೂರಿಸಿಕೊಂಡು ತಮ್ಮ ಮದುವೆಯ ಕಥೆಯಿಂದ ಶುರುಮಾಡುತ್ತಾರೆ, ಅಲ್ಲಲ್ಲಿ ತಲೆಯಾಡಿಸಿದರೆ ಸಾಕು. ಏಳು ಗಂಟೆ ಹೇಗಾಯಿತೆಂದು ಗೊತ್ತಾಗುವುದಿಲ್ಲ. ನಿನ್ನೆ ರಾತ್ರಿ ಅವರ ಕಿವಿಯ ಹತ್ತಿರ ಬಾಯಿಟ್ಟು, "ಒಬ್ಬ ಹುಡುಗಿ ಬರಬಹುದು" ಎಂದು ಕೂಗಿದೆ. "ಯಾವ ಹುಡುಗಿ, ಯಾಕೆ ಬರ್ತಾಳೆ?" ಎಂದು ಅವರು ಕೇಳಲಿಲ್ಲ. "ಬಂದ್ರೆ ಚಿಲಕ ಜೋರಾಗಿ ಬಡಿಯೋಕೆ ಹೇಳು, ನನಗೆ ಕೇಳ್ಸಲ್ಲ" ಎಂದರು.

ಬಸ್ಸು ಬರುತ್ತಿದೆ. ನೂರು ಕಾಲ ಸುಖವಾಗಿ ಬಾಳು ಎಂದು ಬರೆದು ಮುಗಿಸುವುದು ದೊಡ್ಡವರ ರೂಢಿ. ನನ್ನ ಕಣ್ಣು ಅಷ್ಟು ದೂರ ಹೋಗುತ್ತಿಲ್ಲ ಮಗಳೇ. ಇವತ್ತು ಸಂಜೆ ಏಳರವರೆಗೆ ಕ್ಷೇಮವಾಗಿರು. ನಾಳೆಯ ಹರಕೆಯನ್ನು ನಾಳೆ ಬರೆಯುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಅಕ್ಕ